ಕೋರ್ಟಿನ ಕೈ

ಊರ ಗುಡ್ಡದಲ್ಲಿ ಕಲ್ಲಿನ ಕ್ರಷರ್ ಹಾಕಬೇಕೋ ಬೇಡವೋ ಎಂದು ಜನರ ಅಹವಾಲು ಕೇಳುವ ಸಭೆ. ನಡಾವಳಿ ಬರೆಯಲು ಕೂತವನು ಗುಮಾಸ್ತ ವಿರೂಪಾಕ್ಷಿ. ಸಭೆ ನಡೆಸುತ್ತಿದ್ದ ಸಾಹೇಬರ ಕಚೇರಿಗೆ ಅವನು ಬಂದು ವಾರವಾಗಿತ್ತಷ್ಟೇ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬರೆದವನು. ಕಿವಿಗೆ ಬಿದ್ದದ್ದನ್ನೆಲ್ಲ ಅವನ ಕೈ ತಾನಾಗಿಯೇ ಬರೆದುಕೊಳ್ಳುತ್ತಿತ್ತು.

ಊರಿನವರ ನಡುವಿನಿಂದ ನೀಲವ್ವ ಎದ್ದು ನಿಂತಳು. "ಕ್ರಷರ್ ಬಂದ್ರ ಕುಡಿಯೋ ಬಾವ್ಯಾಗ ಧೂಳ ಬೀಳತೈತ್ರಿ. ಬರಕೊಳ್ರಿ."

ವಿರೂಪಾಕ್ಷಿ ಬರೆದುಕೊಂಡ. ಪಕ್ಕದ ಕುರ್ಚಿಯಿಂದ ಸಾಹೇಬರು ಬಾಗಿ ಅವನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ವಿರೂಪಾಕ್ಷಿ ತಲೆಯಾಡಿಸಿದ. ಪೆನ್ನು ಮಾತ್ರ ನಿಲ್ಲಲಿಲ್ಲ.

ಕೊನೆಗೆ ನಡಾವಳಿಗೆ ಹೆಬ್ಬೆಟ್ಟು ಒತ್ತುವ ಹೊತ್ತಿಗೆ ನೀಲವ್ವ ಕೈ ಹಿಂದೆಗೆದಳು. "ಮೊದಲ ಓದಿ ಹೇಳ್ರಿ. ನನ್ನ ಮಾತು ಅದರಾಗ ಐತೋ ಇಲ್ಲೋ ನೋಡೂಣು."

"ನಮ್ಮ ಗುಮಾಸ್ತರು ಭಾಳ ಶಾಣ್ಯಾರದಾರ ಬೇ," ಎಂದು ಸಾಹೇಬರು ನಕ್ಕರು. "ಓದ್ರೀ, ಆಕಿಗೂ ಸಮಾಧಾನ ಆಗಲಿ."

ವಿರೂಪಾಕ್ಷಿ ಗಂಟಲು ಸರಿಮಾಡಿಕೊಂಡು, ಕಟಕಟೆಯ ಮುಂದೆ ಓದುತ್ತಿದ್ದ ಅದೇ ದನಿಯಲ್ಲಿ ಶುರುಮಾಡಿದ:

"ನೀಲವ್ವ: ಕ್ರಷರ್ ಬಂದ್ರ ಕುಡಿಯೋ ಬಾವ್ಯಾಗ ಧೂಳ ಬೀಳತೈತ್ರಿ. ಸಾಹೇಬರು: ಬಾವಿ ಮಾತು ಬಿಡ್ರಿ, ಎಲ್ಲಾರೂ ಒಪ್ಪಿದ್ರು ಅಂತ ಬರದು ಲಗೂ ಮುಗಸ್ರಿ, ಕ್ರಷರ್ ಮಾಲಕರ ಮನ್ಯಾಗ ಊಟ ಆರತೈತಿ."