ಮಖಮಲ್ಲಿನ ಗುಳಿ

"ಪೆಟ್ಟಿಗೆ ತೆಗಿಯಮ್ಮ, ನೋಡೋಣ," ಎಂದ ಸಂಗ್ರಾಹಕ.

ಅವಳು ತೊಡೆಯ ಮೇಲಿದ್ದ ಪೆಟ್ಟಿಗೆಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದಳು. ಪಕ್ಕದಲ್ಲಿದ್ದವರನ್ನು ಸೋದರಮಾವ ಎಂದು ಪರಿಚಯಿಸಿದ್ದಳು. ಗೋಡೆಯುದ್ದಕ್ಕೂ ಗಾಜಿನ ಬೀರು. ಒಳಗೆ ಕಿಸೆಯಲ್ಲಿ ಹಿಡಿಸುವಂಥ ಹಳೆಯ ರಿವಾಲ್ವರುಗಳು, ಒಂದೊಂದೂ ತನ್ನದೇ ಮರದ ಪೆಟ್ಟಿಗೆಯಲ್ಲಿ.

ಹನ್ನೆರಡು ವರ್ಷದ ಹಿಂದೆ ಮ್ಯೂಸಿಯಮ್ಮಿನ ಕಳವಿನ ಕೇಸಿನಲ್ಲಿ ಇದೇ ಮನುಷ್ಯ, ಅಲ್ಲಿ ಕಾವಲುಗಾರನಾಗಿದ್ದ ಅವಳ ಅಪ್ಪನ ವಿರುದ್ಧ ಕಣ್ಣು ಮಿಟುಕಿಸದೆ ಸಾಕ್ಷಿ ಹೇಳಿದ್ದ. "ಬೀಗದ ಕೈ ಅವನ ಹತ್ರಾನೇ ಇತ್ತು." ಅಷ್ಟೇ ಸಾಕಾಯಿತು. ಅಪ್ಪನ ಕೆಲಸ ಹೋಯಿತು, ಮಾನ ಹೋಯಿತು, ಎರಡೇ ವರ್ಷದಲ್ಲಿ ಜೀವವೂ ಹೋಯಿತು. ಕಳ್ಳನ ಮಗಳು ಎನಿಸಿಕೊಂಡೇ ಅವಳು ಬೆಳೆದಳು. ಅಪ್ಪನ ಹೆಸರಿಗೆ ಬಳಿದ ಆ ಮಸಿ ತೊಳೆಯದೆ ಬಿಡುವುದಿಲ್ಲ ಎಂದು ಪಣ ತೊಟ್ಟಿದ್ದಳು. ಈ ಪಾಪಿಗೋ, ಅವಳ ಗುರುತು ಕೂಡ ಇಲ್ಲ!

"ಬಾಗಿಲು ಹಾಕಲಾ?" ಎಂದಳು.

"ಯಾಕಮ್ಮ, ಭಯಾನಾ?"

"ನನಗಲ್ಲ."

ಆತ ಹೋ ಎಂದು ನಕ್ಕ. ಅವಳು ಮುಚ್ಚಳ ಎತ್ತಿದಳು.

ಒಳಗೆ ಏನೂ ಇರಲಿಲ್ಲ. ಮಾಸಿದ ಹಸಿರು ಮಖಮಲ್ಲು, ಅದರಲ್ಲಿ ಪುಟ್ಟ ರಿವಾಲ್ವರಿನ ಆಕಾರದ ಗುಳಿ, ಮುಚ್ಚಳದ ಒಳಬದಿಗೆ ಕಾರ್ಖಾನೆಯವರು ಅಂಟಿಸಿದ್ದ ಚೀಟಿ. ಅಷ್ಟೇ.

ಆತನ ನಗು ನಿಂತಿತು. "ಅಯ್ಯೋ ದೇವರೇ! ಇದೆಲ್ಲಿ ಸಿಕ್ತು?"

"ಹಳೇ ಸಾಮಾನಿನ ಮಧ್ಯೆ ಬಿದ್ದಿತ್ತು. ನಿಮಗೆ ಬೇಕಾಗುತ್ತೇನೋ ಅಂತ ತಂದೆ."

ಬೇಕಾಗದೆ ಏನು! ಪೆಟ್ಟಿಗೆಯಿಲ್ಲದ ಒಂದೇ ಒಂದು ರಿವಾಲ್ವರು ಆತನಲ್ಲಿತ್ತು. ಅದನ್ನು ನರಪಿಳ್ಳೆಗೂ ತೋರಿಸಿದವನಲ್ಲ. ಜೋಡಿ ಕೂಡಿದರೆ ಇಂಥದು ಇನ್ನೊಬ್ಬರ ಮನೆಯಲ್ಲಿ ಇರುವುದಿಲ್ಲ. ಆಸೆ ತಡೆಯಲಾಗಲಿಲ್ಲ. ಒಳಕೋಣೆಗೆ ಓಡಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದನ್ನು ತಂದು ಗುಳಿಯಲ್ಲಿಟ್ಟ. ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂತುಬಿಟ್ಟಿತು. ಚೀಟಿಯ ಮೇಲಿನ ನಂಬರನ್ನು ಗಟ್ಟಿಯಾಗಿ ಓದಿದ. ರಿವಾಲ್ವರಿನ ಹಿಡಿಯ ಕೆಳಗಿನ ನಂಬರನ್ನೂ ಓದಿದ. ಎರಡೂ ಒಂದೇ.

"ನೋಡಿ, ಒಂದೇ ತಾಯಿ ಮಕ್ಕಳು!" ಎಂದು ಕುಣಿದಾಡಿದ. "ಏನು ಬೇಕೋ ಕೇಳಮ್ಮ, ಕೊಟ್ಟುಬಿಡ್ತೀನಿ!"

ಅವಳು ಪಕ್ಕದಲ್ಲಿದ್ದ 'ಸೋದರಮಾವ'ನ ಕಡೆ ತಿರುಗಿದಳು. "ಸಾರ್, ಹೋದ ತಿಂಗಳು ನಿಮ್ಮ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಸಿಕ್ಕ ಪೆಟ್ಟಿಗೆಗೆ ಅವತ್ತು ಕಳುವಾದ ರಿವಾಲ್ವರು ಸಿಕ್ತಲ್ಲ, ಕದ್ದಿದ್ದು ನಮ್ಮಪ್ಪ ಅಲ್ಲ ಅಂತ ಈಗ ಬರ್ಕೊಳ್ಳಿ."