ಕಸಿ ಕಡ್ಡಿ ಹೋದ ಊರುಗಳು

ಪಾಲಾಕ್ಷ ಕಿತ್ತಳೆ ಮರದ ಎಲೆಯೊಂದನ್ನು ಬಿಸಿಲಿಗೆ ಹಿಡಿದ. ಹಸಿರಿನ ನಡುವೆ ತಿಳಿಹಳದಿ ಉಂಗುರಗಳು ಕಂಡವು. ಮೈಸೂರು ಸರ್ಕಾರದ ಕೃಷಿ ಇಲಾಖೆಯವನಾಗಿ ರೋಗ ಹುಡುಕುತ್ತ ಮೂರು ತಿಂಗಳಿಂದ ಸೈಕಲ್ ತುಳಿದಿದ್ದ ಅವನಿಗೆ ಇದು ರೋಗ ತಗುಲಿದ ನಲವತ್ತೊಂದನೆಯ ತೋಟ. ಸೋತು ಬದುವಿನ ಮೇಲೆ ಕುಳಿತ.

"ಈ ಮರದ ಕಸಿ ಕಡ್ಡಿ ಯಾರಿಗಾದ್ರೂ ಕೊಟ್ಟಿದ್ದೀರಾ, ಅಮ್ಮ?"

"ಕೇಳ್ದೋರ್ಗೆಲ್ಲಾ ಕೊಟ್ಟಿವ್ನಿ ಸಾ. ಇಂಥ ಸಿಹಿ ನಮ್ ಕಟ್ಟಾಯ ಊರಲ್ಲೇ ಇಲ್ಲ ಕಣಿ," ಎಂದಳು ತೋಟದ ಒಡತಿ ಚಿಕ್ಕಲಕ್ಷ್ಮಮ್ಮ.

ಪಾಲಾಕ್ಷ ತಲೆ ಎತ್ತಲಿಲ್ಲ. "ರೋಗ ಹೋಗ್ತಿರೋದು ಆ ಕಡ್ಡೀಲೇ ಅಮ್ಮ."

ಅವಳು ಕಾಂಡದ ಮೇಲೆ ಕೈಯಿಟ್ಟಳು. "ಅಂಗಾರೆ ಕಾಯ್ಲೇನ ನಾನೇ ಅಂಚ್ಬುಟ್ನಾ ಸಾ?"

"ನಿಮಗೇನು ಗೊತ್ತಿತ್ತು," ಎಂದಷ್ಟೇ ಅಂದ.

ಅವಳು ಅವನ ಪಕ್ಕದಲ್ಲಿ ಕುಸಿದು ಕುಳಿತು, "ಬರ್ಕೊಳ್ಳಿ," ಎಂದು ಒಂದೊಂದೇ ಊರು ಹೇಳತೊಡಗಿದಳು. ಸಾಲಗಾಮೆ, ಅರಕಲಗೂಡು, ಹೊಳೆನರಸೀಪುರ. ಹನ್ನೊಂದು ಊರುಗಳಾದ ಮೇಲೆ ನಿಲ್ಲಿಸಿದಳು. ಪಾಲಾಕ್ಷ ಪುಸ್ತಕ ಮುಚ್ಚಲು ಹೋದಾಗ ಹಾಳೆಯ ಮೇಲೆ ಕೈಯಿಟ್ಟು ತಡೆದಳು.

"ಇನ್ನೊಂದೈತೆ. ದಂಡಿಗನಹಳ್ಳಿ, ನನ್ ಮಗಳ ಮನೆ. ಬಳುವಳಿ ಅಂತ ನಲ್ವತ್ತು ಗಿಡ ಕಸಿ ಮಾಡಿ ಕಳ್ಸಿದ್ದೆ."