ಅಮ್ಮ ಹೊತ್ತ ನೋವು

ಸ್ತನ ಹಿಗ್ಗಿಸುವ ಶಸ್ತ್ರಚಿಕಿತ್ಸೆ ಆಗಿದ್ದು ಪ್ರಫುಲ್ಲಾಳಿಗೆ, ಅದರ ನೋವು ಹೊತ್ತಿದ್ದು ಅವಳ ತಾಯಿ ನೀಲಮ್ಮ. ಆಪರೇಷನ್ ಆದವರ ನೋವನ್ನು ಆಸ್ಪತ್ರೆಯವರು ಮನೆಯವರೊಬ್ಬರ ಮೈಗೆ ದಾಟಿಸುತ್ತಿದ್ದರು; ಎಲ್ಲರ ಮನೆಯಲ್ಲೂ ಯಾರಾದರೊಬ್ಬರು ಹೀಗೆ ಹೊರುತ್ತಿದ್ದರು. ಆದರೆ ಆಪರೇಷನ್ನೇ ಬೇಡವೆಂದು ಮಾತು ಬಿಟ್ಟಿದ್ದ ಅಮ್ಮ ನೋವು ಹೊರಲು ಏಕೆ ಒಪ್ಪಿದಳೆಂಬುದು ಪ್ರಫುಲ್ಲಾಳಿಗೆ ಅರ್ಥವಾಗಿರಲಿಲ್ಲ.

ಊದಿದ ಎದೆ ಮುಟ್ಟಿದರೆ ಬೇರೆ ಯಾರದೋ ಎನಿಸುತ್ತಿತ್ತು. ವಾಸಿಯಾಗುತ್ತಿದೆಯೋ ಇಲ್ಲವೋ ಅಮ್ಮನನ್ನೇ ಕೇಳಬೇಕು.

"ಅಮ್ಮ, ನಂಗೆ ಇವತ್ತು ಹೆಂಗಿದೆ?"

"ಪರವಾಗಿಲ್ಲ. ಕೈ ಮಾತ್ರ ಮೇಲೆತ್ತಬೇಡ."

ಪ್ರಫುಲ್ಲಾ ಮರೆತು ಜಡೆ ಹಾಕಲು ಕೈಯೆತ್ತಿದಳು. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ನೀಲಮ್ಮ ಗೋಡೆ ಹಿಡಿದು ನಿಂತಿದ್ದಳು.

"ಆಪರೇಷನ್ ಬೇಡ ಅಂದೋಳು ನೋವು ಯಾಕಮ್ಮ ತಗೊಂಡೆ?"

"ಬೇಡ ಅಂದಿದ್ದೇ ನಿಂಗೆ ನೋವಾಗುತ್ತೆ ಅಂತ ಕಣೇ."

ಅರ್ಧ ನೋವನ್ನಾದರೂ ತನಗೆ ವಾಪಸ್ ಹಾಕಿ ಎಂದು ಕೇಳಲು ಪ್ರಫುಲ್ಲಾ ಆಸ್ಪತ್ರೆಗೆ ಫೋನ್ ಮಾಡಿದಳು.